ಗಂಗಕ್ಕನ ಹನ್ನೆರಡು ಕ್ರೇಟು

ತೆಂಗಿನಕಾಯಿ ಪುಡಿ ಮಾಡುವ ಕಾರ್ಖಾನೆಗೆ ಕಾರ್ಡು ಬಂದ ಮೊದಲ ವಾರ ಹಾಲಮ್ಮನಿಗೆ ಖುಷಿಯೇ ಆಗಿತ್ತು, ಅದನ್ನೇಕೆ ಮುಚ್ಚಿಡಬೇಕು? ಅದಕ್ಕೆ ಮುಂಚೆ ತೂಕದ ಹತ್ತಿರ ಪುಸ್ತಕ ಹಿಡಿದು ಕೂರುತ್ತಿದ್ದ ರೈಟರು ಮೂರು ಕ್ರೇಟಿಗೆ ಎರಡು ಬರೆಯುತ್ತಿದ್ದ. ಕೇಳಿದರೆ ಹಲ್ಲು ಕಿರಿಯುತ್ತಿದ್ದ. ಈಗ ಕೊರಳಲ್ಲಿ ನೇತಾಡುವ ಕಾರ್ಡನ್ನು ತಕ್ಕಡಿಗೆ ಮುಟ್ಟಿಸಿದರೆ ಟಿಣ್ ಎನ್ನುತ್ತದೆ. ತಂತಿಯಿಲ್ಲ, ಏನಿಲ್ಲ, ತೂಕ ನೇರ ಮ್ಯಾನೇಜರ್ ಮೋಹನ್ ಕುಮಾರನ ಫೋನಿಗೆ ಹೋಗಿ ಕೂರುತ್ತದೆ. ಇಲ್ಲಿ ಕಾಯಿ ಖಾಲಿಯಾಗುವ ಮೊದಲೇ ಲಾರಿ ಡ್ರೈವರಿಗೂ ಸುದ್ದಿ ಮುಟ್ಟಿ, ಮಾಯಸಂದ್ರದ ಕಡೆಯಿಂದ ಇನ್ನೊಂದು ಲೋಡು ಹೊರಟಿರುತ್ತದೆ. ಬಾಗಿಲ ಕಡೆ ನೋಡುತ್ತ ಅರ್ಧ ದಿನ ಸುಮ್ಮನೆ ಕೂರುವುದು ತಪ್ಪಿತು. ಯಂತ್ರಕ್ಕೆ ಪಕ್ಷಪಾತವಿಲ್ಲ ಎಂದು ಹೆಂಗಸರೆಲ್ಲ ಹೊಗಳಿದರು. ಅದಕ್ಕೆ ದಾಕ್ಷಿಣ್ಯವೂ ಇಲ್ಲ ಎಂದು ತಿಳಿಯುವುದಕ್ಕೆ ಎರಡು ತಿಂಗಳು ಹಿಡಿಯಿತು.

ತಿಪಟೂರಿನ ಹೊರಗಿರುವ ಆ ಕಾರ್ಖಾನೆಯಲ್ಲಿ ಗಂಡಸರು ಚಿಪ್ಪು ಒಡೆದು ತಿರುಳನ್ನು ಇಡೀ ಉಂಡೆಯಾಗಿ ತೆಗೆದುಕೊಡುತ್ತಾರೆ. ಹೆಂಗಸರು ಸಾಲಾಗಿ ಕೂತು, ಉಂಡೆಯ ಮೇಲಿನ ಕಂದು ಸಿಪ್ಪೆಯನ್ನು ಚಾಕುವಿನಿಂದ ಹೆರೆದು ಬೆಳ್ಳಗೆ ಮಾಡಬೇಕು. ಹಾಲಮ್ಮ ಗೋಡೆ ಪಕ್ಕದ ಸಾಲಿನವಳು. ಅವಳ ಎಡಕ್ಕೆ ಪುಟ್ಟಗಂಗಮ್ಮ, ಎಲ್ಲರ ಬಾಯಲ್ಲೂ ಗಂಗಕ್ಕ. ಅರವತ್ತು ದಾಟಿದ ಜೀವ. ಹಾಲಮ್ಮನ ಕೈಗೆ ಚಾಕು ಕೊಟ್ಟು ಕೆಲಸ ಕಲಿಸಿದವಳು ಅವಳೇ. ಆ ಕಲಿಸಿದ ಕೈ ಹೋದ ವರ್ಷದಿಂದ ನಡುಗುತ್ತಿತ್ತು.

ದಿನಕ್ಕೆ ಎಂಟು ಕ್ರೇಟು ಆಗಬೇಕು. ವಾರದಲ್ಲಿ ಮೂರು ದಿನ ಕಡಿಮೆ ಬಿದ್ದರೆ ಕಾರ್ಡು ಸತ್ತಂತೆ, ಗೇಟೇ ತೆರೆಯುವುದಿಲ್ಲ. ಗಂಗಕ್ಕನ ಕೈಲಿ ನಾಲ್ಕಾದರೆ ಅದೇ ಹೆಚ್ಚು. ಅವಳಿರುವುದು ನೊಣವಿನಕೆರೆ ದಾರಿಯ ಹಳ್ಳಿಯೊಂದರಲ್ಲಿ, ಮಗಳ ಮನೆಯಲ್ಲಿ. "ದುಡಿಯೋಳು ಅಂತ ಹೆಸರಿರೋಗಂಟ ಅಳಿಯನ ಮನೆ ಮುದ್ದೆ ಗಂಟಲಲ್ಲಿ ಇಳೀತದೆ ಕಣೇ ಹಾಲಿ, ಆಮ್ಯಾಲೆ ಇಳಿಯಾಕಿಲ್ಲ" ಎಂದು ಒಂದು ದಿನ ಟೆಂಪೋದಲ್ಲಿ ಹೇಳಿದ್ದಳು. ಆ ಮಾತು ಹಾಲಮ್ಮನ ಎದೆಯಲ್ಲಿ ಕೂತುಬಿಟ್ಟಿತ್ತು.

ಮುಯ್ಯಾಳು ಎಂದರೆ ಈ ಸೀಮೆಯಲ್ಲಿ ಹೇಳಿಕೊಡಬೇಕಾಗಿಲ್ಲ. ಇವತ್ತು ನಿನ್ನ ಹೊಲದ ಕಳೆಗೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಹೆಂಗಸರು ಹೊಲ ಬಿಟ್ಟು ಕಾರ್ಖಾನೆಗೆ ಬಂದಿದ್ದರೇ ಹೊರತು ಮುಯ್ಯಿ ಬಿಟ್ಟು ಬಂದಿರಲಿಲ್ಲ. ಆರು ವರ್ಷದ ಹಿಂದೆ ಹಾಲಮ್ಮನ ಹೆಬ್ಬೆರಳು ಸೀಳಿ ಹೊಲಿಗೆ ಬಿದ್ದಾಗ ತಿಂಗಳುಗಟ್ಟಲೆ ಅವಳ ಬುಟ್ಟಿ ತುಂಬಿಸಿದ್ದು ಗಂಗಕ್ಕ. ಈಗ ಹಾಲಮ್ಮ ಏಳು ಉಂಡೆ ಹೆರೆದರೆ ಒಂದನ್ನು ಎಡಕ್ಕೆ, ಗಂಗಕ್ಕನ ಕ್ರೇಟಿಗೆ ಉರುಳಿಸುತ್ತಿದ್ದಳು. ಸಾಲಿನ ಇನ್ನೂ ಐವರು ಹಾಗೇ ಮಾಡುತ್ತಿದ್ದರು. ಯಾರು ಎಷ್ಟು ಹಾಕಿದರೆಂದು ಕೇಳುವ ಹಾಗಿಲ್ಲ. ಎಣಿಸಿದರೆ ಅದು ಮುಯ್ಯಿಯಲ್ಲ, ಕೂಲಿ. ಎಣಿಸಿದವಳ ಮುಖಕ್ಕೆ ನಾಲ್ಕು ಜನ ಉಗಿಯುತ್ತಾರೆ. ಹೀಗಾಗಿ ಬೇರೆಯವರು ಎಲ್ಲಿ ಮರೆತಾರೋ ಎಂದು ಒಬ್ಬೊಬ್ಬಳೂ ಒಂದೊಂದು ಹೆಚ್ಚಿಗೇ ಉರುಳಿಸಿದಳು.

ಎಣಿಸದಿದ್ದವರು ಇವರು. ತಕ್ಕಡಿ ಎಣಿಸುತ್ತಲೇ ಇತ್ತು.

ಒಂದು ಸೋಮವಾರ ಮೋಹನ್ ಕುಮಾರ್ ಎಲ್ಲರನ್ನೂ ನಿಲ್ಲಿಸಿದ. ಅವನು ಕೆಟ್ಟವನೇನಲ್ಲ. ಮಾಲೀಕರ ಕೈಕಾಲು ಹಿಡಿದು ಸಾಲಿಗೆ ಫ್ಯಾನು ಹಾಕಿಸಿದವನು ಅವನೇ. ಆದರೆ ಕಣ್ಣು ಸದಾ ಫೋನಿನ ಮೇಲಿರುತ್ತಿತ್ತು. ಎದುರಿಗೆ ಕೂತವರ ಕೈ ನೋಡುವ ಅಭ್ಯಾಸವೇ ಅವನಿಗೆ ತಪ್ಪಿಹೋಗಿತ್ತು.

"ಇಡೀ ಫ್ಯಾಕ್ಟರಿಗೆ ಯಾರು ಫಸ್ಟು ಗೊತ್ತೇನ್ರಮ್ಮ? ಪುಟ್ಟಗಂಗಮ್ಮನೋರು! ದಿನಕ್ಕೆ ಹನ್ನೆರಡು ಕ್ರೇಟು! ಅರವತ್ತು ದಾಟಿದೋರ ಕೈಲಿ ಹನ್ನೆರಡಾದ್ರೆ ನಿಮ್ಮ ಕೈಲಿ ಹನ್ನೊಂದಾಗಲ್ವಾ? ಒಂದನೇ ತಾರೀಖಿಂದ ಎಲ್ಲರಿಗೂ ಹನ್ನೊಂದು. ನಾಳೆ ಅವರು ಕೆಲಸ ಮಾಡೋದನ್ನ ವಿಡಿಯೋ ಮಾಡಿ ನಿಮ್ಮ ಫೋನಿಗೆಲ್ಲ ಕಳಿಸ್ತೀನಿ. ನೋಡಿ ಕಲ್ತ್ಕೊಳ್ಳಿ."

ಯಾರೋ ಒಬ್ಬಳು ಚಪ್ಪಾಳೆ ತಟ್ಟಿದಳು, ಪಕ್ಕದವಳು ತಿವಿದ ಮೇಲೆ ನಿಲ್ಲಿಸಿದಳು. ಹಾಲಮ್ಮನ ಬಲಕ್ಕೆ ಕೂರುವ ನಿರ್ಮಲಾ ಅವಳ ಕಿವಿಯಲ್ಲಿ, "ನಮ್ಮ ಬೆರಳಿಂದ ನಮ್ಮ ಕಣ್ಣೇ ತಿವ್ಕೊಂಡ್ವಲ್ಲೇ" ಎಂದಳು. ಗಂಗಕ್ಕ ಮಾತ್ರ ತನ್ನ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ನೆಲ ನೋಡುತ್ತ ನಿಂತಿದ್ದಳು.

ಮಾರನೆಯ ದಿನ ಹನ್ನೊಂದು ಗಂಟೆಗೆ ಅವಳನ್ನು ಸಾಲಿನಿಂದ ಎಬ್ಬಿಸಿ ನಡುವೆ ಒಂದು ಸ್ಟೂಲಿನ ಮೇಲೆ ಕೂರಿಸಿದರು. ಎದುರಿಗೆ ಸ್ಟ್ಯಾಂಡಿನ ಮೇಲೆ ಫೋನು. ಸುತ್ತ ಹೆಂಗಸರು. ಈಗ ಯಾರ ಉಂಡೆಯೂ ಅವಳ ಕ್ರೇಟಿಗೆ ಉರುಳುವಂತಿರಲಿಲ್ಲ.

"ಶುರು ಮಾಡಮ್ಮ."

ಗಂಗಕ್ಕ ಉಂಡೆ ಎತ್ತಿಕೊಂಡಳು. ಚಾಕು ಸಿಪ್ಪೆಯ ಮೇಲೆ ಜಾರಿತು, ಮತ್ತೆ ಜಾರಿತು, ಮೂರನೆಯ ಸಲ ಸಿಪ್ಪೆಯ ಜೊತೆ ಬಿಳಿ ತಿರುಳೂ ದಪ್ಪಗೆ ಕಿತ್ತು ಬಂತು. ಹಾಲಮ್ಮನಿಗೆ ತನ್ನ ಕೈ ತಾನಾಗಿಯೇ ಆ ಚಾಕುವಿನ ಕಡೆ ಹೋದಂತಾಗುತ್ತಿತ್ತು. ಓಡಿಹೋಗಿ ಚಾಕು ಕಿತ್ತುಕೊಳ್ಳಬೇಕು ಅನ್ನಿಸಿತು. ಓಡಲಿಲ್ಲ. ಮೋಹನ್ ಕುಮಾರ್ ಮೊದಲು ನಕ್ಕ, "ಗಾಬರಿ ಬೇಡಮ್ಮ, ನಿಧಾನಕ್ಕೆ" ಎಂದ. ಆಮೇಲೆ ನಗು ನಿಂತಿತು. ಅರ್ಧ ಉಂಡೆಯೂ ಆಗಿರಲಿಲ್ಲ, ಚಾಕು ಅವಳ ಎಡ ಹೆಬ್ಬೆರಳನ್ನು ಕಚ್ಚಿತು. ಬೆಳ್ಳನೆಯ ತಿರುಳಿನ ಮೇಲೆ ರಕ್ತದ ಹನಿ ಬಿತ್ತು. ಆ ಉಂಡೆ ಕಸಕ್ಕೆ ಹೋಯಿತು.

ಅವನು ವಿಡಿಯೋ ನಿಲ್ಲಿಸಿ ತನ್ನ ಫೋನಿನಲ್ಲಿ ಏನೇನೋ ತೆರೆದು ನೋಡಿದ. ತುಂಬಾ ಹೊತ್ತು ನೋಡಿದ. ಎಲ್ಲ ಅದರಲ್ಲಿತ್ತು, ಯಾವ ದಿನ, ಎಷ್ಟು ಹೊತ್ತಿಗೆ, ಯಾರ ಕಾರ್ಡು. ಅವನು ತೆರೆದದ್ದು ಗಂಗಕ್ಕನ ಪಕ್ಕದಲ್ಲೇ ಕೂರುವವಳ ಲೆಕ್ಕ.

"ಹಾಲಮ್ಮ, ಟೀ ಆದ್ಮೇಲೆ ಊಟದವರೆಗೂ ದಿನಾ ನಿನ್ನ ತೂಕ ಇಳಿಯುತ್ತೆ. ಅದೇ ಹೊತ್ತಿಗೆ ಇವರದು ಏರುತ್ತೆ. ನಿನ್ನ ಮಾಲು ಎಲ್ಲಿಗೆ ಹೋಗ್ತಿತ್ತು? ಇಬ್ಬರೂ ಸೇರಿ ಮಾಡಿದ್ದಾದ್ರೆ ಇಬ್ಬರ ಕಾರ್ಡೂ ಇವತ್ತೇ ನಿಲ್ಲುತ್ತೆ, ನೋಡು."

ಹಾಲಮ್ಮನ ಕೈ ಕೊರಳ ಕಾರ್ಡಿನ ಮೇಲೆ ಹೋಯಿತು. ಗಂಡ ಬೀರೇಶ್ ತೆಂಗಿನ ಮರದಿಂದ ಬಿದ್ದು ಎರಡು ವರ್ಷ, ಮಂಚ ಬಿಟ್ಟು ಎದ್ದಿಲ್ಲ. ಮನೆಯಲ್ಲಿ ಒಲೆ ಹಚ್ಚಿಸುವುದು ಈ ಕೊರಳಿನ ಕಾರ್ಡೇ. ಬಾಯಿ ತೆರೆದಳು. ಏನು ಹೇಳಲು ತೆರೆದಳೋ ಅವಳಿಗೇ ಗೊತ್ತಿರಲಿಲ್ಲ, ಅಷ್ಟರಲ್ಲಿ ಗಂಗಕ್ಕ ಸ್ಟೂಲಿನಿಂದ ಎದ್ದಳು.

"ಅವಳ್ದೇನೂ ಇಲ್ಲ ಸ್ವಾಮಿ. ಪಕ್ಕದಲ್ಲಿ ಕೂತು ಅವಳ ಕ್ರೇಟಿಂದ ನಾನೇ ಕದ್ದೆ. ಅವಳು ಬಗ್ಗಿ ಕೆಲ್ಸ ಮಾಡ್ತಿರ್ತಾಳೆ, ಅವಳಿಗೆಲ್ಲಿ ಗೊತ್ತಾಯ್ತದೆ?"

"ಹೌದೇನಮ್ಮ ಹಾಲಮ್ಮ?"

ಸಾಲಿನ ಹೆಂಗಸರೆಲ್ಲ ನೆಲ ನೋಡಿದರು. ಗಂಗಕ್ಕ ಮಾತ್ರ ಹಾಲಮ್ಮನನ್ನೇ ನೋಡುತ್ತಿದ್ದಳು. ಮೊದಲ ದಿನ ಚಾಕು ಕೊಟ್ಟು, ಹೆದರಬ್ಯಾಡ, ಎಳಿ ಎಂದಾಗ ನೋಡಿದ ಹಾಗೆಯೇ.

"ಹೂಂ ಸಾರ್" ಎಂದಳು ಹಾಲಮ್ಮ.

ಎರಡೇ ಪದ. ಮೋಹನ್ ಕುಮಾರ್ ಫೋನಿನ ಮೇಲೆ ಬೆರಳಾಡಿಸಿದ, ಗಂಗಕ್ಕನ ಕಾರ್ಡು ಸತ್ತಿತು. ಸತ್ತ ಕಾರ್ಡಿನವರು ಒಳಗಿರುವ ಹಾಗಿಲ್ಲ. ಊರಿಗೆ ಟೆಂಪೋ ಹೊರಡುವುದು ಐದಕ್ಕೆ. ಅಲ್ಲಿಯವರೆಗೂ ಗಂಗಕ್ಕ ಗೇಟಿನಾಚೆ ಸಿಪ್ಪೆಮಟ್ಟೆಯ ರಾಶಿಯ ಪಕ್ಕ, ಹೆಬ್ಬೆರಳಿಗೆ ಸೆರಗಿನ ಚೂರು ಸುತ್ತಿಕೊಂಡು ಬಿಸಿಲಲ್ಲಿ ಕೂತಿದ್ದಳು. ಕಿಟಕಿಯಿಂದ ಕಾಣುತ್ತಿತ್ತು. ಊಟದ ಹೊತ್ತಿಗೆ ಹಾಲಮ್ಮ ಬುತ್ತಿ ಬಿಚ್ಚಲಿಲ್ಲ, ಆಚೆ ಹೋಗುವ ಧೈರ್ಯವೂ ಬರಲಿಲ್ಲ. ನಿರ್ಮಲಾ ಹೋಗಿ ಎರಡು ರೊಟ್ಟಿ ಕೊಟ್ಟು ಬಂದಳು, ಬರುವಾಗ ಹಾಲಮ್ಮನ ಮುಖ ನೋಡಲಿಲ್ಲ.

ಟೆಂಪೋದಲ್ಲಿ ಗಂಗಕ್ಕನ ಪಕ್ಕದ ಜಾಗ ಖಾಲಿಯಿತ್ತು. ಹಾಲಮ್ಮ ಹೋಗಿ ಕೂತಳು.

"ಅಕ್ಕ, ನಾನು..."

"ನಿನ್ ಹೆಬ್ಬೆಳ್ಳು ಸೀಳಿದಾಗ ನಾನು ಎಣಿಸಿದ್ನಾ? ನೀನೂ ಎಣಿಸ್ಬ್ಯಾಡ, ಬುಡು." ಗಂಗಕ್ಕ ಹೆಬ್ಬೆರಳಿನ ಬಟ್ಟೆ ಬಿಗಿದುಕೊಳ್ಳುತ್ತ ಹೇಳಿದಳು, "ಮನೇಲಿ ಏನೂ ಹೇಳಲ್ಲ ಕಣೇ. ಕೈ ನೋವು, ನಾನೇ ಬುಟ್ಬುಟ್ಟೆ ಅಂತೀನಿ. ಅಷ್ಟು ಮಾನ ಉಳುದ್ರೆ ಸಾಕು."

ಹಾಲಮ್ಮ ತಲೆಯಾಡಿಸಿದಳು. ಅಷ್ಟಾದರೂ ಉಳಿಯುತ್ತದಲ್ಲ ಎಂದು ಒಂದು ಉಸಿರು ಬಿಟ್ಟಳು.

ಗಂಗಕ್ಕನ ಹತ್ತಿರ ಫೋನಿರಲಿಲ್ಲ. ಕಾರ್ಡು ಮಾಡಿಸುವ ದಿನ ನಂಬರು ಕೇಳಿದಾಗ ಅಳಿಯ ಗಂಗಾಧರನ ನಂಬರು ಬರೆಸಿದ್ದಳು. ಊರ ಬಾಗಿಲಲ್ಲಿ ಟೆಂಪೋ ನಿಂತಾಗ ಅವನು ಅಲ್ಲೇ ನಿಂತಿದ್ದ, ಯಾವತ್ತೂ ಕರೆಯಲು ಬಂದವನಲ್ಲ. ಬೆಳಗ್ಗೆ ಹನ್ನೊಂದೂವರೆಗೇ ಕಾರ್ಖಾನೆಯ ಯಂತ್ರ ತಾನಾಗಿಯೇ ಕಳಿಸಿದ ಮೆಸೇಜು ಅವನ ಕೈಯಲ್ಲಿತ್ತು. ಟೆಂಪೋದಿಂದ ಇಳಿಯುತ್ತಿದ್ದವಳಿಗೆ ಅವನು ಅದನ್ನು ನಾಲ್ಕು ಜನರೆದುರು ಗಟ್ಟಿಯಾಗಿ ಓದಿದ. "ಪುಟ್ಟಗಂಗಮ್ಮ. ಕಾರ್ಡ್ ರದ್ದಾಗಿದೆ. ಕಾರಣ, ಮಾಲು ಕಳವು."

ಗಂಗಕ್ಕ ಟೆಂಪೋದ ಕಡೆ ತಿರುಗಿ ನೋಡಲಿಲ್ಲ. ಹಾಲಮ್ಮ ಇಳಿದು ನಿಜ ಹೇಳಬಹುದಿತ್ತು. ಬಾಗಿಲ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಟೆಂಪೋ ಹೊರಟಿತು.

ಮಾರನೆಯ ದಿನ ಗೇಟಿಗೆ ಕಾರ್ಡು ಮುಟ್ಟಿಸಿದಳು, ಟಿಣ್ ಎಂದು ತೆರೆಯಿತು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ತೂಕ ತೋರಿಸಲು ಗೋಡೆಗೆ ಹೊಸದಾಗಿ ಹಾಕಿದ್ದ ಟಿವಿಯಲ್ಲಿ ಅವಳ ಹೆಸರು ಎಲ್ಲರಿಗಿಂತ ಮೇಲಿತ್ತು, ಹಸಿರು ಬಣ್ಣದಲ್ಲಿ. "ಈಗ ನೋಡಮ್ಮ, ನಿನ್ನ ನಿಜವಾದ ಕೆಲಸ ಕಾಣ್ತಿದೆ" ಎಂದು ಮೋಹನ್ ಕುಮಾರ್ ಮೆಚ್ಚಿ ಹೋದ. ಹಾಲಮ್ಮ ತಲೆಯೆತ್ತಲಿಲ್ಲ. ಒಂದು, ಎರಡು, ಏಳು ಉಂಡೆ ಹೆರೆದಳು. ಏಳನೆಯದು ಕೈ ತಪ್ಪಿದಂತೆ ತಾನಾಗಿಯೇ ಎಡಕ್ಕೆ ಉರುಳಿತು. ಅಲ್ಲಿ ಕ್ರೇಟಿರಲಿಲ್ಲ. ಒದ್ದೆ ನೆಲದ ಮೇಲೆ ಉರುಳುತ್ತ ಹೋಗಿ ಚರಂಡಿಗೆ ಬಿತ್ತು. ನಿರ್ಮಲಾ ನೋಡಿದಳು, ತನ್ನ ಕ್ರೇಟನ್ನು ಹಾಲಮ್ಮನ ಕಡೆಯಿಂದ ಒಂದು ಮೊಳ ಆಚೆಗೆ ಎಳೆದುಕೊಂಡಳು.