ಮೀನುಪೇಟೆಯ ವಕೀಲೆ

ಎರ್ಮೆಲಿಂದಾಬಾಯ್ ಕುಳಿತು ಕಾನೂನು ಹೇಳಿದ್ದನ್ನು ಮಡಗಾಂವಿನಲ್ಲಿ ಯಾರೂ ಕಂಡಿಲ್ಲ. ತುಸು ಮುಂದಕ್ಕೆ ಬಾಗಿದ ಎತ್ತರದ ದೇಹ, ಎದುರುಗಾಳಿಯೊಂದಿಗೆ ಹಳೆಯ ವ್ಯಾಜ್ಯವಿದೆಯೇನೋ ಎಂಬಂಥ ದಾಪುಗಾಲು, ಒಳಮೈ ಹೊರಗಾಗಿ ಮಡಚಿ ಎಡತೋಳಿನ ಮೇಲೆ ಹಾಕಿಕೊಂಡ ಕರಿಕೋಟು, ಬಲಗೈಯಲ್ಲಿ ಬಟ್ಟೆಯ ಚೀಲ. ಈ ಭಂಗಿಯಲ್ಲಿ ಅವರು ಬೆಳಗಿನ ಮೀನುಪೇಟೆಯ ಒದ್ದೆ ಕಲ್ಲುಹಾಸಿನ ಮೇಲೆ ಹೊರಟರೆಂದರೆ, ಸಂಸಾರದಲ್ಲಿ ಪೆಟ್ಟು ತಿಂದ ಹೆಂಗಸರು ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಹೆಜ್ಜೆ ಹಾಕುತ್ತಾರೆ. ಅವರೆಲ್ಲರ ಹಿಂದೆ ನಾನು, ವಕೀಲನಾಗುವ ಮಹದಾಕಾಂಕ್ಷೆಯಿಂದ ಅವರ ಕಚೇರಿ ಸೇರಿ, ಬೆರಳಚ್ಚುಗಾರನಾಗಿ ಸಂಬಳಕ್ಕೆ ನಿಂತು, ಕಡೆಗೆ ಎರಡನೆಯ ಚೀಲ ಹೊರುವವನಾಗಿ ಬಡ್ತಿ ಪಡೆದವನು.

ಕಚೇರಿ ಇಲ್ಲವೆಂದಲ್ಲ. ಬೇಕರಿಯ ಎದುರು, ಮಹಡಿಯ ಮೇಲೆ, ಬೆತ್ತದ ಕುರ್ಚಿಗಳ ಸಮೇತ ಇದೆ. ಆದರೆ ನಮ್ಮೂರಿನಲ್ಲಿ ಒಬ್ಬಳು ವಕೀಲರ ಮೆಟ್ಟಿಲು ಹತ್ತಿದಳೆಂದರೆ ಒಲೆಯಿಂದ ಪಾವ್ ಹೊರಬರುವಷ್ಟರಲ್ಲಿ ಗಂಡನ ಕಿವಿಗೆ ಸುದ್ದಿ ತಲುಪಿರುತ್ತದೆ. ಮೀನು ಚೌಕಾಸಿ ಮಾಡುವ ಹೆಂಗಸನ್ನು ಮಾತ್ರ ಯಾರೂ ಎರಡನೆಯ ಸಲ ತಿರುಗಿ ನೋಡುವುದಿಲ್ಲ. ವಿಚಿತ್ರವೆಂದರೆ ಎರ್ಮೆಲಿಂದಾಬಾಯ್ ಅವರಿಗೆ ಮೀನು ಒಗ್ಗದು. ಒಂದು ತುಣುಕು ತಿಂದರೂ ಮೈಯೆಲ್ಲ ದದ್ದು. ಕೊಂಡ ಬಂಗುಡೆ, ಸಿಗಡಿಯೆಲ್ಲ ನನ್ನ ಮನೆಗೇ. ನನ್ನ ವೃತ್ತಿಯ ಬಗ್ಗೆ ಹೆಂಡತಿಗಿರುವ ಗೌರವ ಆ ಚೀಲದ ತೂಕವನ್ನನುಸರಿಸಿ ಏರಿಳಿಯುತ್ತದೆ.

ಅವರ ಮಾತಿಗೆ ಒಂದು ಬಾಲವಿದೆ: "ಮುಂದೆ?" ಎದುರಿನವಳು ಅತ್ತರೂ ಅದೇ, ಗಂಡನನ್ನು ಶಪಿಸಿದರೂ ಅದೇ. ಮೊದಮೊದಲು ನನಗದು ನಿಷ್ಠುರವೆನಿಸುತ್ತಿತ್ತು. ಆದರೆ ಆ ಒಂದು ಪದ ಕೇಳಿದೊಡನೆ ಅಳುವವರು ಸೆರಗಿನಿಂದಲೋ ಕರವಸ್ತ್ರದಿಂದಲೋ ಮೂಗೊರೆಸಿಕೊಂಡು, ನಾಳೆ ಎಂಬುದೊಂದು ಇದೆಯೆಂದು ಆಗಷ್ಟೇ ನೆನಪಾದವರಂತೆ ತಲೆಯೆತ್ತುವುದನ್ನು ಕಂಡಿದ್ದೇನೆ.

ಪಿಯೆದಾದ್ ಬಂದದ್ದು ಬೇಸಿಗೆಯ ಒಂದು ಶುಕ್ರವಾರ. ಆ ಸೆಕೆಯಲ್ಲೂ ಕುತ್ತಿಗೆಯವರೆಗೆ ಗುಂಡಿ ಹಾಕಿದ್ದಳು. ಗಂಡ ಮಿಂಗೆಲ್ ಹಡಗಿನ ಕೆಲಸದಿಂದ ರಜೆಯ ಮೇಲೆ ಬಂದಿದ್ದ. ಮನೆ ಮಾರುವ ಹುಚ್ಚು ಹಿಡಿದಿತ್ತು.

"ಸಹಿ ಹಾಕು ಅಂತಾನೆ, ಇಲ್ಲ ಅಂದ್ರೆ ಹೊಡೀತಾನೆ. ಹಾಕ್ಬಿಟ್ಟು ಅಮ್ಮನ ಮನೆಗೆ ಹೋಗ್ಬಿಡ್ತೀನಿ ಬಾಯ್, ಸಾಕಾಗಿದೆ. ವಕೀಲರಿಗೆ ಕೊಡೋಕೂ ನನ್ನ ಹತ್ರ ಏನಿಲ್ಲ."

"ಜೀವಕ್ಕೇ ಹೆದರಿಕೆ ಅನ್ನಿಸಿದ್ರೆ ಮೊದಲು ಓಡು. ನೀನು ಓಡಿದ್ರೂ ನಿನ್ನ ಹಕ್ಕು ಓಡಿಹೋಗಲ್ಲ. ಸಹಿ ಮಾತ್ರ ಹಾಕ್ಬೇಡ. ನಮ್ಮ ಗೋವೆಯ ಕಾನೂನಲ್ಲಿ ಗಂಡನ ಪಾಲಲ್ಲಿ ಅರ್ಧ ಹೆಂಡ್ತೀದು. ನೀನು ಒಪ್ಪದೆ ಅವನು ಒಂದು ಹಂಚೂ ಮಾರೋಕಾಗಲ್ಲ, ಅದಕ್ಕೇ ಕೈ ಎತ್ತೋದು. ಆ ಕೈ ಕಟ್ಟೋಕೆ ಮ್ಯಾಜಿಸ್ಟ್ರೇಟರ ಆದೇಶ ತರೋಣ. ಫೀಸಿನ ಮಾತು ಬಿಡು. ಹೆಂಗಸರಿಗೆ ಸರ್ಕಾರವೇ ಪುಕ್ಕಟೆ ವಕೀಲರನ್ನ ಕೊಡುತ್ತೆ, ನಾನು ಆ ಪುಕ್ಕಟೆ ಸಾಮಾನು. ಮುಂದೆ?"

ಮುಂದೆ ಬಂದವಳು ಪಿಯೆದಾದಳ ಅತ್ತೆ ಕೊನ್ಸೆಸಾಂವ್. ಪರಿಚಿತರು ಕಂಡರೆ ಕೆಮ್ಮುವುದು ನನ್ನ ಏಕೈಕ ಕಾನೂನುಬದ್ಧ ಕರ್ತವ್ಯ. ಆ ಹೊತ್ತಿನಲ್ಲಿ ನಾನು ಸಿಗಡಿಯ ಗಾತ್ರವನ್ನು ಧ್ಯಾನಿಸುತ್ತಿದ್ದೆ. ಎರ್ಮೆಲಿಂದಾಬಾಯ್ ಮಾತ್ರ ಧ್ವನಿ ಬದಲಿಸದೆ ಬುಟ್ಟಿಯ ಬಂಗುಡೆಯೊಂದನ್ನೆತ್ತಿ ಪಿಯೆದಾದಳ ಮೂಗಿಗೆ ಹಿಡಿದರು: "ಕಣ್ಣು ನೋಡು, ಎಷ್ಟು ಮಂಕಾಗಿದೆ. ಇಂಥದ್ದಾ ಕೊಳ್ಳೋದು?"

"ನನ್ನ ಮೀನಿನ ಕಣ್ಣಿಗೇನಾಗಿದೆ ಬಾಯ್?" ಮೀನಿನವಳು ಸಿಡಿದಳು. "ನಿಮ್ಮ ಕಣ್ಣಿಗಿಂತ ಚೆನ್ನಾಗಿ ಕಾಣುತ್ತೆ!"

"ಹಾಗೆ ಬುದ್ಧಿ ಹೇಳಿ ಇವಳಿಗೆ," ಎಂದಳು ಅತ್ತೆ. "ಮನೆಗೆ ಬಂದು ಇಷ್ಟು ವರ್ಷ ಆಯ್ತು, ಇನ್ನೂ ಕಿವಿರು ಎತ್ತಿ ನೋಡೋಕೆ ಬರಲ್ಲ." ಸೊಸೆಯ ಮೊಣಕೈ ಹಿಡಿದು ಕರೆದೊಯ್ದಳು. ಪಿಯೆದಾದ್ ಒಮ್ಮೆ ತಿರುಗಿ ನೋಡಿದಳು. ಆ ದಿನ ನಾವು ಪೇಟೆ ದಾಟುವವರೆಗೂ ಎರ್ಮೆಲಿಂದಾಬಾಯ್ "ಮುಂದೆ" ಎನ್ನಲಿಲ್ಲ.

ಮರುವಾರ ಮುದುಕಿ ಒಬ್ಬಳೇ ಬಂದಳು. ಹಿಂದಿನ ಲೋಪವನ್ನು ಸರಿದೂಗಿಸಲು ನಾನು ಕೆಮ್ಮಿದ ಪರಿಗೆ ಮೀನಿನವಳು ಶುಂಠಿ ಕಷಾಯ ಕುಡಿಯಲು ಹೇಳಿದಳು.

"ಅವನ ಕೆಮ್ಮು ನಿಲ್ಸಿ ಬಾಯ್," ಎಂದಳು ಕೊನ್ಸೆಸಾಂವ್, ಅವರ ದಾಪುಗಾಲಿಗೆ ತನ್ನ ಪುಟ್ಟ ಹೆಜ್ಜೆಗಳನ್ನು ಹೊಂದಿಸುತ್ತ. "ಮೀನು ತಿಂದ್ರೆ ನಿಮ್ಮ ಮೈ ಊದುತ್ತೆ ಅಂತ ಪೇಟೆಗೆಲ್ಲ ಗೊತ್ತು. ನೀವ್ಯಾಕೆ ಬಂಗುಡೆ ಕಣ್ಣು ನೋಡ್ತೀರ? ಅವತ್ತೇ ತಿಳೀತು ನಂಗೆ."

ಎರ್ಮೆಲಿಂದಾಬಾಯ್ ನಿಂತರು. ಮೀನಿನ ನೆಪವಿಲ್ಲದೆ ಅವರು ಹಾಗೆ ನಿಂತದ್ದನ್ನು ನಾನು ಮೊದಲ ಬಾರಿ ಕಂಡೆ.

"ಸೊಸೆ ಇನ್ನೂ ಸಹಿ ಹಾಕಿಲ್ಲ. ನನ್ನ ಸಹಿಯೂ ಬೇಕಂತೆ ಮಗನಿಗೆ. ನಿನ್ನೆ ನನ್ನ ಕೈ ತಿರುಚಿದ. ಸತ್ತ ಅವನಪ್ಪನೂ ಹೀಗೇ ತಿರುಚ್ತಿದ್ದ. ಆಗ ಯಾರನ್ನ ಕೇಳ್ಬೇಕು ಅಂತ ಗೊತ್ತಿರ್ಲಿಲ್ಲ. ಆ ಮನೇಲಿ ನಂದೂ ಏನಾದ್ರೂ ಇದೆಯಾ?"

"ಅರ್ಧ ನಿಮ್ಮದೇ. ಒಬ್ಬನೇ ಮಗ ಅಲ್ವಾ? ಉಳಿದರ್ಧ ಅವನದು, ಅದರಲ್ಲಿ ಅರ್ಧ ಸೊಸೇದು."

ಮುದುಕಿ ಬೆರಳು ಮಡಚಿ ಲೆಕ್ಕ ಹಾಕಿದಳು. "ಅಯ್ಯೋ, ಹಾಗಾದ್ರೆ ಆ ಮನೇಲಿ ಅವನೇ ನೆಂಟ!" ಎಂದು ಬೊಚ್ಚುಬಾಯಿ ತೆರೆದು ನಕ್ಕಳು. ಆಮೇಲೆ ನಗು ನುಂಗಿ, ವಕೀಲೆಯ ಮುಖ ನೋಡುತ್ತ ಕೇಳಿದಳು: "ಮುಂದೆ?"

ಮುಂದಿನದು ಕೋರ್ಟಿನಲ್ಲಿ ನಡೆಯಿತು. ಅತ್ತೆ-ಸೊಸೆಯರ ಜಗಳವನ್ನೇ ನೆಚ್ಚಿಕೊಂಡು ಬಂದಿದ್ದ ಮಿಂಗೆಲ್‌ನ ವಕೀಲರು, ಸೊಸೆಯ ಮೈಮೇಲಿನ ಪೆಟ್ಟುಗಳಿಗೆ ಅತ್ತೆಯೇ ಸಾಕ್ಷಿ ನುಡಿದಾಗ ಕನ್ನಡಕ ಒರೆಸತೊಡಗಿ ಬಹಳ ಹೊತ್ತು ಒರೆಸಿದರು. ಇಬ್ಬರಲ್ಲಿ ಯಾರ ಮೇಲೂ ಕೈ ಮಾಡಕೂಡದು, ಮನೆಯ ಹೊಸ್ತಿಲು ತುಳಿಯಕೂಡದು ಎಂದು ಮಿಂಗೆಲ್‌ಗೆ ಆದೇಶವಾಯಿತು. ಅವನು ರಜೆ ಮೊಟಕುಗೊಳಿಸಿ ಹಡಗಿಗೆ ಮರಳಿದ. ಈಗ ಬೆಳಿಗ್ಗೆ ಆ ಇಬ್ಬರೂ ಪೇಟೆಯಲ್ಲಿ ಸಿಗುತ್ತಾರೆ. ಕಿವಿರಿನ ವಿಷಯದಲ್ಲಿ ಅತ್ತೆ ಇನ್ನೂ ಬೈಯುತ್ತಾಳೆ, ಕುತ್ತಿಗೆಯ ಗುಂಡಿ ಬಿಚ್ಚಿಕೊಂಡ ಸೊಸೆ ಈಗ ತಿರುಗಿ ಬೈಯುತ್ತಾಳೆ.

ಕಾನೂನು ಸ್ವಭಾವತಃ ಕುಳಿತಿರುವ ವಸ್ತು: ಕಪಾಟಿನಲ್ಲಿ, ಮಹಡಿಯ ಮೇಲೆ, ಎತ್ತರದ ಪೀಠದಲ್ಲಿ. ಊರಿಗೊಬ್ಬರಾದರೂ ಅದನ್ನು ಎಬ್ಬಿಸಿ, ಹೆದರಿದವರು ಹೆದರದೆ ನಡೆಯಬಲ್ಲ ಬೀದಿಯವರೆಗೆ ಕರೆತರುವವರು ಇರುತ್ತಾರೆ. ಅಂಥವರ ಕೋಟಿಗೆ ಸದಾ ತುಸು ಮೀನಿನ ವಾಸನೆ. ಅದಕ್ಕೆ ಮೂಗು ಮುಚ್ಚಿಕೊಳ್ಳುವವರು ಆ ಬೀದಿಯಲ್ಲಿ ಎಂದೂ ಸಹಾಯ ಹುಡುಕುತ್ತ ನಡೆದವರಲ್ಲ.