ಶೋಕೇಸಿನ ಮದುಮಗಳು

"ಇನ್ನೊಂದೀಟು ಬಿಗಿಯೋ, ಕುತ್ತಿಗಿ ವಾಲಾಕತ್ತೈತಿ," ಎಂದಳು ಸೋದರತ್ತೆ ಮುರಿಗೆವ್ವ.

ಗುರುಪಾದ ತಾಯಿಯ ಬೆನ್ನ ಹಿಂದಿನಿಂದ ಬಿಳಿಯ ವಸ್ತ್ರವನ್ನೆಳೆದು ಗಂಟು ಹಾಕಿದ. ಗೋಡೆಗೆ ಒರಗಿಸಿ ಕೂಡಿಸಿದ್ದ ದಾಕ್ಷಾಯಿಣಿಯ ಹಣೆಯ ತುಂಬ ವಿಭೂತಿ, ಕೈತುಂಬ ಹಸಿರು ಬಳೆ. ಹೊರಗೆ ಭಜನೆಯವರು ಬಂದಿದ್ದರು. ಶವವನ್ನು ಕೂಡಿಸಿ ಹೊರುವ ವಿಮಾನಕ್ಕೆ ಚೆಂಡುಹೂವಿನ ಮಾಲೆಗಳು ಏರುತ್ತಿದ್ದವು.

ತಂದೆ ಶಿವಯೋಗೀಶ ಮಗನನ್ನು ಪಡಸಾಲೆಯ ಮೂಲೆಗೆ ಕರೆದ. "ಗೌಸಮೊದ್ದೀನನ ಸ್ಟುಡಿಯೋ ಮುಂದ ಹಾದು ಹೋಗಬೇಕು. ಅದಕ್ಕೂ ಮೊದಲ ಶೋಕೇಸಿನ್ಯಾಗಿನ ಆ ಫೋಟೋ ತೆಗಸಿ ಬಾ."

"ಇವತ್ತ ಅದರ ಚಿಂತಿ ಯಾಕ, ಅಪ್ಪಾ?"

"ವಿಮಾನದಾಗ ಆಕಿ, ಗಾಜಿನ್ಯಾಗ ಮದುಮಗಳು. ಮಂದಿಗೆ ಆಡಿಕೊಳ್ಳಾಕ ಇನ್ನೇನ್ ಬೇಕು?"

ತಮ್ಮನ ಮಾತು ಮುರಿಗೆವ್ವನ ಕಿವಿಗೂ ಬಿತ್ತು. "ಜೀವನ ತುಂಬಾ ಆ ಫೋಟೋದ ಕೂಡ ಜಗಳಾಡಿದಿ. ಹೆಂಡ್ತಿ ಕೂಡ ಅದರ ಅರ್ಧಾ ಮಾತಾಡಿದ್ರ, ಆಕಿ ಇನ್ನೂ ನಾಕು ದಿನ ಇರ್ತಿದ್ಲು."

ಶಿವಯೋಗೀಶ-ದಾಕ್ಷಾಯಿಣಿಯರ ಮದುವೆಯ ಫೋಟೋ ತೆಗೆದವನು ಗೌಸಮೊದ್ದೀನನೇ. ಅವಳ ಚಿತ್ರವೊಂದನ್ನು ದೊಡ್ಡದು ಮಾಡಿ, ಯಾರನ್ನೂ ಕೇಳದೆ, ಅಂಗಡಿಯ ಶೋಕೇಸಿನಲ್ಲಿಟ್ಟಿದ್ದ. ಹತ್ತಿ ವ್ಯಾಪಾರದ ಮನೆತನದ ಸೊಸೆ ಬೀದಿಗೆ ಮುಖ ಮಾಡಿ ಕುಳಿತಿರುವುದು ಶಿವಯೋಗೀಶನಿಗೆ ಸಹಿಸಲಾಗದೆ, ಎರಡು ಸಲ ಹೋಗಿ ಕೂಗಾಡಿ ಬಂದಿದ್ದ. "ಪ್ರಿಂಟ್ ನಿಮ್ಮದು, ನೆಗೆಟಿವ್ ನಂದು," ಎಂಬ ಒಂದೇ ಉತ್ತರ ಸಿಕ್ಕಿತ್ತು.

ಗುರುಪಾದ ಹೋದಾಗ ಮುದುಕ ಗೌಸಮೊದ್ದೀನ ಶಟರ್ ಅರ್ಧ ಇಳಿಸಿ ನಿಂತಿದ್ದ. ಒಳಗಿದ್ದ ಗಿರಾಕಿ ಇನ್ನೂ ವಾದಿಸುತ್ತಿದ್ದ: "ಮದುವಿ ನಮ್ಮದು, ರೊಕ್ಕಾ ನಮ್ಮದು, ಫೈಲ್ ನಿಮ್ಮವು ಹ್ಯಾಂಗ ಆಗ್ತಾವ್ರಿ?"

"ನಾಳಿ ಬರ್ರಿ, ನಾಳಿ ಜಗಳಾಡೂಣು," ಎಂದು ಅವನನ್ನು ಹೊರಗೆ ಕಳಿಸಿ, ಗುರುಪಾದನ ಕೈ ಹಿಡಿದುಕೊಂಡ.

"ಕಾಕಾ, ಆ ಫೋಟೋ ತೆಗೀರಿ ಅಂತಾರ ಅಪ್ಪ."

"ಆಗೂದಿಲ್ಲ ತಮ್ಮಾ."

"ನೆಗೆಟಿವ್ ನಿಮ್ಮದು ಅಂತನ?"

"ಆ ಮಾತು ನಿಮ್ಮವ್ವನ ಮುಂದ ನಡೀಲಿಲ್ಲಪಾ."

* * *

ಗಂಡ ಎರಡನೆಯ ಸಲ ಕೂಗಾಡಿ ಹೋದ ಮರುವಾರ ದಾಕ್ಷಾಯಿಣಿ ಒಬ್ಬಳೇ ಬಂದಿದ್ದಳು. ಚೀಲದಿಂದ ಮೆಂತ್ಯದ ಸೊಪ್ಪು ಇಣುಕುತ್ತಿತ್ತು. ಗೌಸಮೊದ್ದೀನ ತಾನಾಗಿಯೇ ಎದ್ದು ಗಾಜಿನ ಬಾಗಿಲಿಗೆ ಕೈಹಾಕಿದ.

"ತೆಗೀತೇನ್ರಿ ಅಕ್ಕಾರ. ನೀವೂ ಬೈಬ್ಯಾಡ್ರಿ."

"ಪ್ರಿಂಟ್ ಅವರದು, ನೆಗೆಟಿವ್ ನಿಮ್ಮದು. ಫೋಟೋದಾಗಿನ ಮಾರಿ ಯಾರದ್ರಿ?"

ಗೌಸಮೊದ್ದೀನ ಬಾಗಿಲಿನಿಂದ ಕೈ ತೆಗೆದ.

"ಇರ್ಲಿ ಬಿಡ್ರಿ ಅಲ್ಲೇ. ಮನ್ಯಾಗಂತೂ ಕುಂದ್ರಾಕ ಪುರಸೊತ್ತಿಲ್ಲ, ಇಲ್ಲ್ಯಾರ ಕುಂತಿರ್ತೇನಿ." ನಕ್ಕಳು. ಮೆಟ್ಟಿಲಿಳಿಯುವಾಗ ನಗು ಇರಲಿಲ್ಲ. "ತೆಗಿಯೂದಾದ್ರ ನನ್ನ ಕೇಳ್ರಿ. ಮತ್ತ್ಯಾರನ್ನೂ ಕೇಳಬ್ಯಾಡ್ರಿ."

ಗೌಸಮೊದ್ದೀನ ಮಾತು ಕೊಟ್ಟಿದ್ದ.

* * *

ವಿಮಾನಕ್ಕೆ ಹೆಗಲು ಕೊಡುವ ಹೊತ್ತಿಗೆ ಗುರುಪಾದ ಮರಳಿ ಬಂದು ಎಲ್ಲವನ್ನೂ ಹೇಳಿದ. "ಅವ್ವನ್ನ ಕೇಳದ ತೆಗಿಯೂದಿಲ್ಲಂತ."

ಶಿವಯೋಗೀಶ ವಿಮಾನದಿಂದ ಜಾರಿದ್ದ ಮಾಲೆಯೊಂದನ್ನು ಮೇಲೆತ್ತಿ ಕಟ್ಟಿದ. "ನನಗ ಯಾಕ ಹೇಳ್ಲಿಲ್ಲಾಕಿ?"

"ನೀ ಎಂದ ಕೇಳಿದ್ಯೋ, ತಮ್ಮಾ?" ಎಂದಳು ಮುರಿಗೆವ್ವ. ಈ ಸಲ ಅವಳ ದನಿಯಲ್ಲಿ ಕೊಂಕಿರಲಿಲ್ಲ.

ಭಜನೆ ಮುಂದಾಯಿತು. ಓಣಿ ದಾಟಿ ಪೇಟೆಯ ರಸ್ತೆಗೆ ಬಂದಾಗ ಅಂಗಡಿಕಾರರು ಎದ್ದು ನಿಂತರು. ಸ್ಟುಡಿಯೋದ ಎದುರಿಗೆ ಶಿವಯೋಗೀಶ ಕೈಯೆತ್ತಿದ. ತಾಳ ನಿಂತಿತು.

"ಈ ಕಡೆ ತಿರುವ್ರಿ," ಎಂದ.

ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿ, ಕಾಲು ತಡವರಿಸುತ್ತ, ವಿಮಾನವನ್ನು ಗಾಜಿನ ಕಡೆಗೆ ತಿರುಗಿಸಿದರು. ಗೌಸಮೊದ್ದೀನ ಶೋಕೇಸಿನ ಚಿಲಕದ ಮೇಲೆ ಕೈಯಿಟ್ಟು ಶಿವಯೋಗೀಶನನ್ನು ನೋಡಿದ. ಶಿವಯೋಗೀಶ ಅವನತ್ತ ನೋಡಲಿಲ್ಲ. ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, ವಿಮಾನದಲ್ಲಿದ್ದ ಹೆಂಡತಿಯ ಮುಖಕ್ಕೆ ಮುಖವೆತ್ತಿ, ಕೇಳುವವನಂತೆ ನಿಂತ.

ಹಿಂದೆ ಸಿಟಿ ಬಸ್ಸೊಂದು ಹಾರ್ನ್ ಹೊಡೆಯಿತು. ಹೊತ್ತವರು ಹೆಗಲು ಬದಲಿಸಿದರು. ಆತ ಹಾಗೆಯೇ ನಿಂತಿದ್ದ.