ಹತ್ತಿ ಇಟ್ಟ ಕಿವಿ

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬಾರದು ಅಂತಾರೆ. ನಾನು ಕೊಯ್ದದ್ದು ನನ್ನ ಮೂಗಲ್ಲ, ನಮ್ಮಣ್ಣ ಹಂಪಯ್ಯನ ಕಿವಿ. ಕವಿತಾಳದ ಸುತ್ತ ಅವನಂತೆ ಹಲಗೆ ಬಾರಿಸುವವರು ಯಾರೂ ಇರಲಿಲ್ಲ. ನಾನು ಗದ್ದೆಪ್ಪ, ಅವನ ಬೆನ್ನಿಗೆ ನಿಂತು ಬಾರಿಸುವ ತಮ್ಮ.

ಇಪ್ಪತ್ತು ವರ್ಷ ಬಾರಿಸಿ ಬಾರಿಸಿ ಅಣ್ಣನ ಎಡಗಿವಿ ಪೂರ್ತಿ ಹೋಗಿತ್ತು. ರಾಯಚೂರಿನ ಡಾಕ್ಟರು ಬಲಗಿವಿಗೆ ಬ್ಯಾಟರಿ ಬಿಟ್ಟು ನೋಡಿ, "ಇದೂ ಅರ್ಧ ಸತ್ತದ. ಬಾರಿಸೋ ಮುಂದ ಹತ್ತಿ ಇಟ್ಕೋ, ಇಲ್ಲಾಂದ್ರ ಹಲಗಿ ಬಿಡು" ಎಂದಿದ್ದರು. ಹಲಗೆ ಬಿಟ್ಟು ಅಣ್ಣ ಬದುಕುವುದುಂಟೇ? ಅಂದಿನಿಂದ ಅತ್ತಿಗೆ ಗೋಪಮ್ಮ ಹತ್ತಿಯನ್ನು ಕುಸುಬಿ ಎಣ್ಣೆಯಲ್ಲಿ ಅದ್ದಿ, ಹೊಸೆದು, ತಾನೇ ಅವನ ಕಿವಿಗಿಟ್ಟು, ಮೇಲೆ ರುಮಾಲು ಸುತ್ತಿ ಕಳಿಸುತ್ತಿದ್ದಳು. ತಾಳ ತಪ್ಪೀತೆಂದು ಅಣ್ಣ ಮೊದಮೊದಲು ಹೆದರಿದ. ಆಮೇಲೆ, "ಲೇ ಗದ್ಯಾ, ತಾಳ ಎದಿಗಿ ಬಡೀತದಲೇ, ಕಿವಿನ ಬೇಕಂತಿಲ್ಲ" ಎಂದು ನಕ್ಕುಬಿಟ್ಟ.

ಎಪ್ಪತ್ತೆಂಟರ ಬೇಸಿಗೆ. ಮಾನ್ವಿಯಲ್ಲಿ ಸಾಹುಕಾರರೊಬ್ಬರ ಮದುವೆ. ಹೊರಡುವಾಗ ಏಳು ತಿಂಗಳ ಬಸುರಿ ಅತ್ತಿಗೆ ಬಾಗಿಲಿಗೆ ಬಂದು ನನ್ನ ತೋಳು ಹಿಡಿದಳು.

"ನಿಮ್ಮಣ್ಣನ ಕಿವಿ ನಿನ್ನ ಕೈಯಾಗ ಅದ ನೋಡಪಾ. ಹುಟ್ಟೋ ಕೂಸಿನ ಅಳು ಅವನ ಕಿವಿಗಿ ಬೀಳಬೇಕು."

"ನಾ ಇದ್ದೀನಲ್ಲ ಅತ್ಗೀ" ಎಂದೆ. ಇದ್ದೆ, ಇದ್ದೇ ಹಾಳು ಮಾಡಿದೆ.

ಗಂಡಿನ ಕಡೆಗೆ ನಮ್ಮ ಮೇಳ, ಹೆಣ್ಣಿನ ಕಡೆಗೆ ಜಾಲಹಳ್ಳಿಯದು. ಎರಡು ಮೇಳ ಎದುರಾದರೆ ನಮ್ಮವರಲ್ಲಿ ಕಿವಿ ಸವಾಲು ಆಗಲೇಬೇಕು. ಇಬ್ಬರು ನಾಯಕರು ಎದುರುಬದುರು ನಿಂತು, ಒಬ್ಬರ ಕಿವಿಗೆ ಇನ್ನೊಬ್ಬರು ಹಲಗೆ ಹಿಡಿದು ಬಾರಿಸಬೇಕು. ತಾಳ ತಪ್ಪಿದವನು, ಹಿಂದೆ ಸರಿದವನು, ಹಲಗೆ ಬೋರಲು ಹಾಕಿ ಹೋಗಬೇಕು. ಮಿಕ್ಕವರು ಮಾತ್ರ ಕೈ ನಿಲ್ಲಿಸುವಂತಿಲ್ಲ. ಮದುಮಗ ಕುದುರೆ ಇಳಿಯುವ ಮುಂಚೆ ಹಲಗೆ ನಿಂತರೆ ಅಪಶಕುನ.

ಜಾಲಹಳ್ಳಿಯ ನಾಯಕ ಉರುಕುಂದಪ್ಪ ಒಂದು ಸವಾಲೂ ಸೋತವನಲ್ಲ. ಅವನ ಸೊಕ್ಕೇನು ಕೇಳುತ್ತೀರಿ! ಬೆಳಿಗ್ಗೆ ಬೆಂಕಿಗೆ ಹಲಗೆ ಕಾಯಿಸುತ್ತ ಕೂತಿದ್ದವನಿಗೆ ಹಿಂದಿನಿಂದ "ಶರಣ್ರೀ ಯಪ್ಪಾ" ಎಂದು ಎರಡು ಸಲ ಅಂದೆ. ತಿರುಗಿ ಕೂಡ ನೋಡಲಿಲ್ಲ. ಆಗಲೇ ನನಗೆ ಅವನ ಮೇಲೆ ಹಲ್ಲು ಮಸೆಯುವಷ್ಟು ಸಿಟ್ಟು.

ಬಸ್‌ಸ್ಟ್ಯಾಂಡಿನ ಎದುರು, ನೆತ್ತಿಯ ಮೇಲಿನ ಬಿಸಿಲಿನಲ್ಲಿ, ಮದುಮಗನ ಮೆರವಣಿಗೆಯ ಮುಂದೆ ಇಬ್ಬರೂ ಸವಾಲಿಗೆ ನಿಂತರು. ಉರುಕುಂದಪ್ಪ ಬಂದವನೇ ಅಣ್ಣನ ರುಮಾಲು ಕಿತ್ತೆಸೆದ. ಕಿವಿಯ ಹತ್ತಿ ಎಲ್ಲರಿಗೂ ಕಂಡಿತು.

"ನೋಡ್ರಲೇ ಕವಿತಾಳದ ಹುಲಿನ! ಬಾಣಂತಿ ಹಂಗ ಕಿವಿಗಿ ಹತ್ತಿ ಇಟ್ಕೊಂಡು ಬಂದದ!"

"ಡಾಕ್ಟರ್ ಹೇಳ್ಯಾರಪಾ" ಎಂದ ಅಣ್ಣ ಮೆಲ್ಲಗೆ. ಜನರ ನಗು ಇನ್ನೂ ಏರಿತು. ಯಾರೋ ಜೋಗುಳ ಹಾಡಿದರು, ಯಾರೋ ಬಾಣಂತಿಯ ಅಂಟಿನುಂಡೆ ಬೇಕೇನವ್ವಾ ಎಂದರು. ನನ್ನ ಮೈಯೆಲ್ಲ ಉರಿಯಿತು.

"ತೆಗಿಯಣ್ಣಾ! ಮಾನ ಹೋಗಾಕತ್ತದ, ತೆಗಿ!"

ಅಣ್ಣ ನನ್ನ ಮುಖ ನೋಡಿದ. ಕೈ ಎತ್ತಲಿಲ್ಲ. ನನ್ನ ಕೈಗೆ ಹುಳ ಬೀಳಲಿ, ನಾನೇ ಬೆರಳು ಹಾಕಿ ಹತ್ತಿ ಕಿತ್ತು ಜೇಬಿಗೆ ತುರುಕಿದೆ.

ಸವಾಲು ಶುರುವಾಯಿತು. ಉರುಕುಂದಪ್ಪನ ಹಲಗೆ ಅಣ್ಣನ ಬಲಗಿವಿಗೆ ಒಂದು ಗೇಣು ದೂರದಲ್ಲಿ ಸಿಡಿಯುತ್ತಿತ್ತು. ಅಣ್ಣನ ಕಣ್ಣಲ್ಲಿ ನೀರಿಳಿಯಿತು, ದವಡೆ ಬಿಗಿಯಿತು. ತಾಳ ತಪ್ಪಲಿಲ್ಲ, ಹೆಜ್ಜೆ ಸರಿಯಲಿಲ್ಲ. ಇವನು ಬಗ್ಗುವುದಿಲ್ಲ ಎಂದು ಉರುಕುಂದಪ್ಪನಿಗೆ ಗೊತ್ತಾಗಿರಬೇಕು. ಹಲಗೆ ಓರೆ ಮಾಡಿ ಅದರ ಅಂಚಿನ ಕಬ್ಬಿಣದ ಬಳೆಯಿಂದ ಕಿವಿಯ ಮೇಲೇ ಏಟು ಬಿಟ್ಟ. ಅಣ್ಣ ಕುಸಿದು ಬಿದ್ದ.

ನಾನು ಹಾರಿ ಉರುಕುಂದಪ್ಪನನ್ನು ಕೆಡವಿದೆ. ಅವನದೇ ದಪ್ಪ ಕೋಲು ಕಿತ್ತುಕೊಂಡು ಬಾಯಿಗೆ ಬಡಿದೆ. ಎರಡು ಹಲ್ಲು ಮಣ್ಣಿಗೆ ಬಿದ್ದವು. ಮೂಗಿಗೆ ಬಡಿದೆ, ಎದೆಯ ಮೇಲೆ ಕೂತು ಕುತ್ತಿಗೆ ಅದುಮಿದೆ. "ಸೋತೆ ಅನ್ನಲೇ! ಸೋತೆ ಅಂತ ಅನ್ನು!" ಎಂದು ಅವನ ಕಿವಿಗೇ ಬಾಯಿಟ್ಟು ಅರಚಿದೆ. ಅವನು ಕಣ್ಣು ಅಗಲಿಸಿ ನನ್ನ ತುಟಿಯನ್ನೇ ಹುಡುಕುತ್ತಿದ್ದ.

ಅವನ ಹೆಂಡತಿ ಮಾನಮ್ಮ ಓಡಿ ಬಂದು ನನ್ನ ಕೂದಲು ಹಿಡಿದು ಜಗ್ಗಿದಳು.

"ಬಿಡೋ ಯಪ್ಪಾ, ಸಾಯ್ತಾನ! ನೀ ಏನ್ ಬೈದ್ರೂ ಅವಗ ಕೇಳಂಗಿಲ್ಲ. ಐದು ವರ್ಷಾತು, ಎರಡೂ ಕಿವಿ ಹೋಗ್ಯಾವ. ಎದುರಿದ್ದವರ ಕೈ ನೋಡಿ ಬಾರಸ್ತಾನ!"

ನನ್ನ ಕೈ ಸಡಿಲಾಯಿತು. ಸೋಲದವನ ಗುಟ್ಟು ಇದೇ. ಕೇಳದ ಕಿವಿಯ ಎದುರು ನಾನು ಅಣ್ಣನ ಕೇಳುವ ಕಿವಿಯನ್ನು ಪಣಕ್ಕಿಟ್ಟಿದ್ದೆ.

ಓಡಿಹೋಗಿ ಅಣ್ಣನನ್ನು ಎಬ್ಬಿಸಿ ಕೂರಿಸಿದೆ. ಕಿವಿಯ ರಕ್ತ ಕುತ್ತಿಗೆಗೆ ಇಳಿದು ಅಂಗಿ ತೊಯ್ದಿತ್ತು. ಅವನು ಕುದುರೆಯ ಮೇಲಿದ್ದ ಮದುಮಗನನ್ನು ನೋಡಿದ, ಆಮೇಲೆ ಗಾಬರಿಯಿಂದ ನನ್ನನ್ನು ನೋಡಿದ.

"ಲೇ ಗದ್ಯಾ, ಹಲಗಿ ಯಾಕ ನಿಲ್ಲಿಸಿದ್ರಿ? ಮದುಮಗ ಇನ್ನಾ ಇಳಿದಿಲ್ಲ. ಬಾರಸ್ರಿ ಅಂತ ಹೇಳು."

ಎರಡು ಮೇಳದ ಎಂಟು ಹಲಗೆಗಳು ಅವನ ಬೆನ್ನ ಹಿಂದೆಯೇ ಬಡಿಯುತ್ತಿದ್ದವು. ನಾನು ಜೇಬಿನಿಂದ ಅತ್ತಿಗೆ ಹೊಸೆದ ಹತ್ತಿ ತೆಗೆದು ಆ ಕಿವಿಯ ರಕ್ತ ಒರೆಸಿದೆ.